ದೀಪದ ಎದುರಿಗೆ ಯಾವ ಕಂಪನಿಯ ಲೆನ್ಸ್?

ಪ್ರಶ್ನೆ: ಕಾರ್ತಿಕ ದೀಪೋತ್ಸವದ ಫೋಟೋ ತೆಗೆಯುತ್ತೇನೆ. ನನ್ನ 50 ಎಂಎಂ ಎಫ್/1.8 ಲೆನ್ಸಿನಲ್ಲಿ ದೀಪದ ಸಾಲು ತೆಗೆದರೆ ಕಪ್ಪು ಆಕಾಶದಲ್ಲಿ ಹಸಿರು ಚುಕ್ಕೆಗಳು ಬರುತ್ತವೆ. ಕೋಟಿಂಗ್ (ಗಾಜಿನ ಮೇಲೆ ಪ್ರತಿಫಲನ ತಡೆಯುವ ತೆಳು ಲೇಪ) ಸರಿಯಿಲ್ಲ, ಬೇರೆ ಕಂಪನಿಯದ್ದು ತಗೊಳ್ಳಿ ಅಂತಾರೆ ಗೆಳೆಯರು. ಯಾರ ಕೋಟಿಂಗ್ ಒಳ್ಳೆಯದು?
– ಓದುಗರೊಬ್ಬರು, ಶಿರಸಿ

ಉತ್ತರ: ಲೆನ್ಸ್ ಮಾರಬೇಡಿ. ಮೊದಲು ಅದರ ಮುಂದೆ ಯುವಿ ಫಿಲ್ಟರ್, ಅಂದರೆ ರಕ್ಷಣೆಗೆ ಹಾಕುವ ಚಪ್ಪಟೆ ಗಾಜು, ಇದೆಯಾ ನೋಡಿ. ಇದ್ದರೆ ಬಿಚ್ಚಿ, ಅದೇ ಫೋಟೋ ಇನ್ನೊಮ್ಮೆ ತೆಗೆಯಿರಿ. ಆ ಹಸಿರು ಚುಕ್ಕೆಗಳನ್ನು ಸರಿಯಾಗಿ ಗಮನಿಸಿ. ದೀಪದ ಸಾಲೇ ತಲೆಕೆಳಗಾಗಿ, ಫೋಟೋದ ನಡುಬಿಂದುವಿನ ಆಚೆ ಬದಿಗೆ ಮೂಡಿದೆಯಾ? ಹಾಗಿದ್ದರೆ ಬಹುಪಾಲು ಫಿಲ್ಟರಿನದೇ ಕೆಲಸ. ಸೆನ್ಸರ್‌ಗೆ ಬಿದ್ದ ಬೆಳಕು ಹಿಂದಕ್ಕೆ ಚಿಮ್ಮಿ, ಆ ಚಪ್ಪಟೆ ಗಾಜಿಗೆ ಬಡಿದು ಮತ್ತೆ ಒಳಗೆ ಬರುತ್ತದೆ. ಫಿಲ್ಟರನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿ. ಬೆಳಕಿನ ಪ್ರತಿಬಿಂಬ ಬೆಳ್ಳಗೆ ಹೊಳೆದರೆ ಅದಕ್ಕೆ ಕೋಟಿಂಗೇ ಇಲ್ಲ. ಮಂಕಾದ ಹಸಿರೋ ನೇರಳೆಯೋ ಕಂಡರೆ ಇದೆ.

ಇನ್ನು ಕಂಪನಿಗಳ ವಿಷಯ. ಕೋಟಿಂಗ್ ಒಂದನ್ನೇ ಹಿಡಿದು ಲೆನ್ಸ್ ತೂಗಲು ಆಗುವುದಿಲ್ಲ. ಬರಿ ಗಾಜಿನ ಒಂದೊಂದು ಮೈಯೂ ಸುಮಾರು 4% ಬೆಳಕನ್ನು ವಾಪಸ್ ಕಳಿಸುತ್ತದೆ. ಜೈಸ್ ಕಂಪನಿಯ ಪೌಲ್ ರುಡಾಲ್ಫ್ 1896ರಲ್ಲಿ ಮಾಡಿದ ಪ್ಲಾನಾರ್ ಲೆನ್ಸಿನಲ್ಲಿ ಗಾಳಿಗೆ ತಾಗುವ ಮೈಗಳು ಎಂಟು. ಕಾಲು ಭಾಗಕ್ಕಿಂತ ಜಾಸ್ತಿ ಬೆಳಕು ದಾರಿಯಲ್ಲೇ ಕಳೆದುಹೋಗುತ್ತಿತ್ತು. ಅದರಲ್ಲಿ ಒಂದಷ್ಟು ಒಳಗೇ ಅಲೆದು ಚಿತ್ರವನ್ನು ಮಬ್ಬು ಮಾಡುತ್ತಿತ್ತು. ಎಷ್ಟು ಚೆಂದದ ವಿನ್ಯಾಸ, ಆದರೂ ಹಿಂದೆ ಬಿತ್ತು! ಆರೇ ಮೈಗಳಿದ್ದ 1902ರ ಟೆಸ್ಸಾರ್ ಗೆದ್ದಿತು. 1935ರಲ್ಲಿ ಜೈಸ್‌ನಲ್ಲೇ ಅಲೆಕ್ಸಾಂಡರ್ ಸ್ಮಾಕುಲಾ ಕೋಟಿಂಗಿಗೆ ಪೇಟೆಂಟ್ ಪಡೆದರು. ಪ್ಲಾನಾರ್‌ಗೆ ಕಾಲ ಕೂಡಿಬಂದದ್ದು ಆಮೇಲೆ. ಇವತ್ತಿನ ಅಗ್ಗದ 50 ಎಂಎಂಗಳು ಹೆಚ್ಚಾಗಿ ಅದೇ ವಂಶದವು.

ಹಳೇ ಕೋಟಿಂಗ್ ಅಂದರೆ ಮೆಗ್ನೀಸಿಯಂ ಫ್ಲೋರೈಡಿನ ಒಂದೇ ಪದರ. ದಪ್ಪ ಸುಮಾರು 100 ನ್ಯಾನೊಮೀಟರ್. ಅದು ಹಸಿರಿನ ಪ್ರತಿಫಲನವನ್ನು ಚೆನ್ನಾಗಿ ತಡೆಯುತ್ತದೆ, ಕೆಂಪು–ನೀಲಿ ಸ್ವಲ್ಪ ಉಳಿಯುತ್ತವೆ. ಅದಕ್ಕೇ ಆ ನೇರಳೆ ಹೊಳಪು. 1971ರಲ್ಲಿ ಪೆಂಟಾಕ್ಸ್ ಏಳು ಪದರದ ಎಸ್‌ಎಂಸಿ ಕೋಟಿಂಗ್ ತಂದಿತು. ಜೈಸ್‌ನ ಟಿ-ಸ್ಟಾರ್ ಕೂಡ ಬಹುಪದರದ್ದೇ. ನಿಕಾನ್‌ನ ನ್ಯಾನೊ ಕ್ರಿಸ್ಟಲ್, ಕ್ಯಾನನ್‌ನ ಎಸ್‌ಡಬ್ಲ್ಯೂಸಿ ದಾರಿ ಬೇರೆ. ಬೆಳಕಿನ ಅಲೆಗಿಂತ ಸಣ್ಣ ಕಣಗಳು ಅಥವಾ ಮೊನೆಗಳ ಪದರ ಅದು. ಓರೆಯಾಗಿ ಬರುವ ಬೆಳಕಿಗೆ ಅದು ತುಂಬಾ ಒಳ್ಳೆಯದು. ಪ್ರತಿಫಲನದ ಬಣ್ಣ ನೋಡಿ ಇದು ಮೇಲು, ಅದು ಕೀಳು ಎನ್ನುವುದು ಸುಮ್ನೆ ಮಾತು.

ಈಗ ಎರಡು ಲೆನ್ಸ್ ಪಕ್ಕದಲ್ಲಿಟ್ಟು ನೋಡೋಣ. ಕ್ಯಾನನ್ ಆರ್‌ಎಫ್ 50 ಎಂಎಂ ಎಫ್/1.8ರಲ್ಲಿ ಆರು ಗಾಜು, ಐದು ಗುಂಪು (ಅಂಟಿಸಿದ ಗಾಜುಗಳು ಸೇರಿ ಒಂದೇ ಗುಂಪು), ಅಂದರೆ ಗಾಳಿಗೆ ತಾಗುವ ಹತ್ತು ಮೈ. ನಿಕಾನ್ ಜೆಡ್ 50 ಎಂಎಂ ಎಫ್/1.8 ಎಸ್‌ನಲ್ಲಿ ಹನ್ನೆರಡು ಗಾಜು, ಒಂಬತ್ತು ಗುಂಪು, ಹದಿನೆಂಟು ಮೈ. ಬರಿ ಗಾಜೇ ಆಗಿದ್ದರೆ ಅದರಲ್ಲಿ ಅರ್ಧದಷ್ಟು ಬೆಳಕೂ ದಾಟುತ್ತಿರಲಿಲ್ಲ, ಅಲ್ವಾ? ಅಂಥ ವಿನ್ಯಾಸಕ್ಕೆ ಒಳ್ಳೆಯ ಕೋಟಿಂಗ್ ಇಲ್ಲದೆ ಗತಿಯಿಲ್ಲ. ಅಷ್ಟು ಗಾಜು ಹಾಕಿದ್ದಕ್ಕೆ ಎಫ್/1.8ರಲ್ಲೇ, ಅಂದರೆ ಲೆನ್ಸ್ ಪೂರ್ತಿ ತೆರೆದಾಗಲೇ, ಮೂಲೆಮೂಲೆಯೂ ಚೂಪಾಗಿ ಬರುತ್ತದೆ. ನಿಮಗೆ ಅದು ಬೇಕಿದ್ದರೆ ಹಣ ಕೊಡಿ. ಬರೀ ದೀಪದ ಸಾಲಿಗೆ ಈಗಿರುವ ಲೆನ್ಸೇ ಸಾಕು ಎಂಬುದು ನನ್ನ ಅಭಿಪ್ರಾಯ.

ಫಿಲ್ಟರ್ ತೆಗೆದರೆ ಮುಂದಿನ ಗಾಜಿಗೆ ರಕ್ಷಣೆ ಬೇಡವೇ ಎಂದು ಕೇಳಬಹುದು. ಒಂದು ಹುಡ್ (ಲೆನ್ಸಿನ ತುದಿಗೆ ಕೂರಿಸುವ ಮರೆ) ಹಾಕಿ. ಕೈ ತಾಗುವುದನ್ನೂ ತಡೆಯುತ್ತದೆ, ಪಕ್ಕದ ಹ್ಯಾಲೊಜೆನ್ ಬೆಳಕನ್ನೂ ತಡೆಯುತ್ತದೆ. ಎಣ್ಣೆ ಹೊಗೆಯ ಜಿಡ್ಡು ಕೂತರೆ ಅಂಗಿ ಚುಂಗಿನಿಂದ ಉಜ್ಜಬೇಡಿ. ಮೊದಲು ಬ್ಲೋವರ್‌ನಿಂದ ಧೂಳು ಊದಿ, ಆಮೇಲೆ ಮೈಕ್ರೋಫೈಬರ್ ಬಟ್ಟೆಯಿಂದ ಮೆಲ್ಲಗೆ ಒರೆಸಿ.