ಇಬ್ಬರು ಮಕ್ಕಳ ಜೊತೆ ಸ್ಟುಟ್‌ಗಾರ್ಟ್‌ಗೆ ಹೊರಟಿದ್ದೀವಿ, ಮೊದಲ ವರ್ಷ ಹೇಗಿರುತ್ತೆ?

ನಿಮ್ಮ ಯಜಮಾನರಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದೆ, ಮಕ್ಕಳಿಗೆ ಆರು ಮತ್ತು ಮೂರು ವರ್ಷ, ನೀವು ಕೆಲಸ ಬಿಟ್ಟು ಹೊರಡಬೇಕು, ಎಲ್ಲರೂ ಅಲ್ಲಿಗೆ ಒಗ್ಗಿಕೊಳ್ಳೋಕೆ ಎಷ್ಟು ತಿಂಗಳು ಬೇಕು ಅಂತ ಕೇಳಿದ್ದೀರಿ. ನಾವು ಇದೇ ಊರಿಗೆ 2023ರ ಆಗಸ್ಟ್‌ನಲ್ಲಿ ಬಂದ್ವಿ. ಆಗ ಮಗಳಿಗೆ ಏಳು, ಮಗನಿಗೆ ಮೂರೂವರೆ. ನಿಮ್ಮ ಪ್ರಶ್ನೆಯ ‘ಎಲ್ಲರೂ’ ಅನ್ನೋ ಮಾತಿನ ಬಗ್ಗೆಯೇ ನಾನು ಹೇಳಬೇಕಾಗಿರೋದು. ನಾವು ನಾಲ್ಕು ಜನ ಒಂದೇ ವಿಮಾನದಲ್ಲಿ ಬಂದಿಳಿದ್ವಿ, ಆದರೆ ಈ ಊರು ಸೇರಿದ್ದು ಒಬ್ಬೊಬ್ಬರು ಒಂದೊಂದು ಕಾಲಕ್ಕೆ. ಅದು ಮೊದಲೇ ಗೊತ್ತಿದ್ದಿದ್ದರೆ ಆ ವರ್ಷ ನಾವು ಒಬ್ಬರ ಮೇಲೊಬ್ಬರು ಅಷ್ಟೊಂದು ರೇಗಾಡ್ತಿರಲಿಲ್ಲ.

ನಮ್ಮನೆಯವರು ಒಂದೇ ವಾರದಲ್ಲಿ ಸೇರಿಬಿಟ್ಟರು ಅಂತ ನಾನು ಅಂದುಕೊಂಡಿದ್ದೆ. ಆಫೀಸಿನಲ್ಲಿ ಇಂಗ್ಲಿಷ್, ಊಟಕ್ಕೆ ಜೊತೆಗಾರರು, ಬೆಳಿಗ್ಗೆ ಹೋಗೋಕೆ ಒಂದು ಜಾಗ. ಇಷ್ಟಿದ್ದರೆ ಇನ್ನೇನು ಬೇಕು ಅಂತ ಅನ್ನಿಸ್ತಿತ್ತು. ಅವರ ವಿಷಯಕ್ಕೆ ಆಮೇಲೆ ಬರ್ತೀನಿ.

ಕಾಗದಪತ್ರದ ಕೆಲಸ ಬೇಗ ಹೇಳಿ ಮುಗಿಸ್ತೀನಿ. ಮನೆ ಹೊಕ್ಕ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಇಲ್ಲಿ ಅದಕ್ಕೆ ಆನ್‌ಮೆಲ್ಡುಂಗ್ ಅಂತಾರೆ. ಮನೆ ಮಾಲೀಕರು ಸಹಿ ಹಾಕಿದ ಪತ್ರ ಇಲ್ಲದೆ ಅದು ಆಗಲ್ಲ. ತೆರಿಗೆ ಸಂಖ್ಯೆಯಿಂದ ಹಿಡಿದು ಬ್ಯಾಂಕಿನ ಕಾರ್ಡಿನವರೆಗೆ ಎಲ್ಲಾ ಅಂಚೆಯಲ್ಲೇ ಬರುತ್ತೆ. ನಾವು ಕೆಳಗಿನ ಅಂಚೆ ಡಬ್ಬಿಯ ಮೇಲೆ ನಮ್ಮ ಹೆಸರು ಅಂಟಿಸಿರಲಿಲ್ಲ. ಹೆಸರು ಕಾಣದಿದ್ದರೆ ಅಂಚೆಯವರು ಹಾಕಲ್ಲ, ವಾಪಸ್ ಹೋಗುತ್ತೆ. ತೆರಿಗೆ ಸಂಖ್ಯೆ ಕೈಗೆ ಸಿಗದೆ ಮೊದಲ ಸಂಬಳ ಆರನೇ ತೆರಿಗೆ ವರ್ಗದಲ್ಲಿ, ಅಂದರೆ ಅತಿ ಹೆಚ್ಚು ಕಡಿತವಾಗಿ ಬಂತು. ಆಮೇಲೆ ಸರಿಹೋಯ್ತು, ಆದರೆ ಬಾಡಿಗೆಯ ಜೊತೆ ಮುಂಗಡವನ್ನೂ ಕಟ್ಟುತ್ತಿದ್ದ ಆ ತಿಂಗಳು ಹೇಗೆ ಕಳೀತು ಅಂತ ನಮಗೆ ಮಾತ್ರ ಗೊತ್ತು. ಮುಂಗಡ ಮೂರು ತಿಂಗಳ ಮೂಲ ಬಾಡಿಗೆಗಿಂತ ಜಾಸ್ತಿ ಕೇಳೋ ಹಾಗಿಲ್ಲ, ಅದನ್ನ ಮೂರು ಕಂತಲ್ಲಿ ಕೊಡೋಕೆ ಕಾನೂನಿನಲ್ಲೇ ಅವಕಾಶ ಇದೆ. ಮಕ್ಕಳ ಭತ್ಯೆ, ಕಿಂಡರ್‌ಗೆಲ್ಡ್, ಆಗ ಒಂದು ಮಗುವಿಗೆ ತಿಂಗಳಿಗೆ 250 ಯೂರೋ ಇತ್ತು, 2025ರ ಜನವರಿಯಿಂದ 255 ಆಯ್ತು. ತಡವಾಗಿ ಅರ್ಜಿ ಹಾಕಿದರೆ ಹಿಂದಿನ ಆರು ತಿಂಗಳದ್ದು ಮಾತ್ರ ಸಿಗುತ್ತೆ, ಹಾಗಾಗಿ ಮುಂದೂಡಬೇಡಿ.

ಈಗ ಮಗಳ ವಿಷಯ. ಭಾಷೆ ಬಾರದ ಮಕ್ಕಳಿಗೆ ಇಲ್ಲಿನ ಶಾಲೆಗಳಲ್ಲಿ ಸಿದ್ಧತಾ ತರಗತಿ ಇರುತ್ತೆ. ಇವಳನ್ನೂ ಅದಕ್ಕೇ ಸೇರಿಸಿದರು. ನವೆಂಬರ್‌ವರೆಗೆ ಶಾಲೆಯಲ್ಲಿ ಒಂದು ಮಾತೂ ಆಡಲಿಲ್ಲ ಅಂತ ಟೀಚರ್ ಹೇಳಿದರು. ಮನೆಯಲ್ಲಿ ಬಾಯಿ ಮುಚ್ಚದ ಹುಡುಗಿ. ಅದಕ್ಕಿಂತ ನಮ್ಮನ್ನ ಹೆದರಿಸಿದ್ದು ಗಣಿತ. ಅದು ಅವಳಿಗೆ ಇಷ್ಟದ ವಿಷಯ, ಆದರೆ ಪುಸ್ತಕದ ತುಂಬಾ ತಪ್ಪು ಗುರುತು. ಒಂದು ಶನಿವಾರ ಅವಳನ್ನ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ನೋಡ್ತಾ ಬಂದೆ. 24 ಇರಬೇಕಾದ ಕಡೆ 42. 63 ಇರಬೇಕಾದ ಕಡೆ 36. ಎಲ್ಲಾ ತಿರುವುಮುರುವು. ಜರ್ಮನ್‌ನಲ್ಲಿ ಇಪ್ಪತ್ತನಾಲ್ಕನ್ನ ‘ನಾಲ್ಕು ಮತ್ತು ಇಪ್ಪತ್ತು’ ಅಂತಾರೆ, ಫಿಯರ್ ಉಂಡ್ ಟ್ಸ್ವಾನ್ಸಿಶ್. ಟೀಚರ್ ಬಾಯಲ್ಲಿ ನಾಲ್ಕು ಮೊದಲು ಬಂತು, ಮಗು ನಾಲ್ಕನ್ನ ಮೊದಲು ಬರೀತು. ಅವಳಿಗೆ ಕೂಡೋದು ಕಳೆಯೋದು ಎಲ್ಲಾ ಬರ್ತಿತ್ತು, ಕೇಳಿಸಿಕೊಂಡ ಹಾಗೇ ಬರೆದಿದ್ದಳು ಅಷ್ಟೇ. ಸೋಮವಾರ ಇದನ್ನ ಟೀಚರ್‌ಗೆ ತೋರಿಸಿದಾಗ, ಜರ್ಮನ್ ಮಕ್ಕಳೂ ಇದರಲ್ಲಿ ಎಡವುತ್ತಾರೆ ಅಂತ ಸಮಾಧಾನ ಹೇಳಿದರು. ಆಮೇಲೆ ಅವಳು ಹೇಳಿದ್ದನ್ನ ಪೂರ್ತಿ ಕೇಳಿ, ಒಂದು ಜಾಗ ಖಾಲಿ ಬಿಟ್ಟು ಮೊದಲು ಬಿಡಿಯ ಅಂಕಿ, ಆಮೇಲೆ ಹತ್ತರದ್ದು ಬರೆಯೋ ಅಭ್ಯಾಸ ಮಾಡಿಕೊಂಡಳು. ಫೆಬ್ರವರಿ ಹೊತ್ತಿಗೆ ಜಗಳ ಆಡೋಷ್ಟು ಜರ್ಮನ್ ಬಂತು. ಸ್ನೇಹಿತೆ ಜೊತೆ ಜಗಳ ಮಾಡಿಕೊಂಡು ಅಳ್ತಾ ಮನೆಗೆ ಬಂದ ದಿನ ನನಗೆ ಒಳಗೊಳಗೇ ಸಂತೋಷ ಆಯ್ತು. ಜಗಳ ಆಡೋಕೆ ಒಬ್ಬಳು ಸ್ನೇಹಿತೆ ಸಿಕ್ಕಿದ್ದಳಲ್ಲ.

ಮಗನ ಕಥೆ ಬೇರೆ. ವರ್ಷ ತುಂಬಿದ ಪ್ರತಿ ಮಗುವಿಗೂ ಶಿಶುವಿಹಾರದಲ್ಲಿ (ಇಲ್ಲಿ ಅದಕ್ಕೆ ಕಿಟಾ ಅಂತಾರೆ) ಜಾಗ ಸಿಗಬೇಕು ಅನ್ನೋದು 2013ರ ಆಗಸ್ಟ್‌ನಿಂದ ಇಲ್ಲಿ ಕಾನೂನು. ಕಾನೂನಿದೆ, ಜಾಗ ಇರಲಿಲ್ಲ. ಎಷ್ಟೋ ಕಿಟಾಗಳಿಗೆ ಬರೆದು, ಕಾದು, ಕೊನೆಗೆ ಮಾರ್ಚ್‌ನಲ್ಲಿ ಒಂದು ಕಡೆ ಸಿಕ್ತು. ಅಲ್ಲಿ ಮಗುವನ್ನ ಬಿಟ್ಟು ಬರೋ ಹಾಗಿಲ್ಲ. ಮೊದಲ ಮೂರು ದಿನ ತಾಯಿ ಅಥವಾ ತಂದೆ ಅದೇ ಕೋಣೆಯಲ್ಲಿ ಕೂತಿರಬೇಕು, ನಾಲ್ಕನೇ ದಿನ ಕೆಲವು ನಿಮಿಷ ಹೊರಗೆ, ಹೀಗೆ ದಿನದಿನಕ್ಕೂ ಹೆಚ್ಚಿಸ್ತಾ ಹೋಗ್ತಾರೆ. ನಾಲ್ಕನೇ ದಿನ ನಾನು ಹೊರಗಿನ ಮೊಗಸಾಲೆಯಲ್ಲಿ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಮಂಡಿ ಮಡಚಿ ಕೂತಿದ್ದೆ. ತಲೆಯ ಮೇಲೆ ಸಾಲಾಗಿ ಕೋಟು ನೇತುಹಾಕೋ ಗೂಟಗಳು, ಒಂದೊಂದಕ್ಕೂ ಒಂದು ಚಿತ್ರ. ನನ್ನ ಮಗನದ್ದು ಬಸವನಹುಳು. ಬಾಗಿಲ ಆಚೆ ಅವನು ಕನ್ನಡದಲ್ಲಿ ಅಳ್ತಿದ್ದ, ‘ಅಮ್ಮ ಎಲ್ಲಿ, ಅಮ್ಮ ಎಲ್ಲಿ’ ಅಂತ. ಅದು ಅರ್ಥ ಆಗೋ ಒಂದು ಜೀವವೂ ಆ ಕೋಣೆಯಲ್ಲಿ ಇಲ್ಲ ಅನ್ನೋದು ನೆನೆದು ನನಗೂ ಅಳು ತಡೆಯೋಕೆ ಆಗಲಿಲ್ಲ.

ಅವತ್ತು ಮಧ್ಯಾಹ್ನ ಅವನನ್ನ ನೋಡಿಕೊಳ್ತಿದ್ದ ಟೀಚರ್ ನನ್ನ ಹತ್ತಿರ ಬಂದು, ಅವನಿಗೆ ಬೇಕಾದ ಮೂರು ಮಾತು ನಿಮ್ಮ ಭಾಷೆಯಲ್ಲಿ ಹೇಳಿಕೊಡಿ ಅಂದರು. ನೀರು. ಸೂಸು. ಅಮ್ಮ ಬರ್ತಾಳೆ. ತಮ್ಮ ಅಕ್ಷರದಲ್ಲಿ ಚೀಟಿ ಮೇಲೆ ಬರೆದುಕೊಂಡು ಬಸವನಹುಳುವಿನ ಕೆಳಗೆ ಅಂಟಿಸಿದರು. ಮಾರನೇ ದಿನ ಬಾಗಿಲ ಆಚೆಯಿಂದ ಅವರ ದನಿ ಕೇಳಿಸ್ತು, ‘ಅಮ್ಮ ಬರ್ತಾಲೆ, ಅಮ್ಮ ಬರ್ತಾಲೆ.’ ಳಕಾರ ಅವರ ನಾಲಿಗೆಗೆ ಹೊರಳಲಿಲ್ಲ. ಮಗು ಸುಮ್ಮನಾಯ್ತು. ಮೂರನೇ ವಾರಕ್ಕೆ ಅವನು ಹಿಂದಿರುಗಿ ನೋಡದೆ ಒಳಗೆ ಓಡ್ತಿದ್ದ. ಆ ಚೀಟಿಯನ್ನ ಆಮೇಲೆ ಅವರಿಂದ ಕೇಳಿ ತಂದು ಇಟ್ಟುಕೊಂಡಿದ್ದೀನಿ.

ಅವನಿಗೆ ಜಾಗ ಸಿಗೋವರೆಗೆ ನನ್ನ ಕಾಲೂ ಮನೆಯಲ್ಲೇ ಕಟ್ಟಿತ್ತು. ಆ ಏಳು ತಿಂಗಳು ನನ್ನ ಜೀವನದಲ್ಲೇ ಕಷ್ಟದ ಕಾಲ ಅಂತ ಮುಚ್ಚುಮರೆ ಇಲ್ಲದೆ ಹೇಳ್ತೀನಿ. ಒಂಬತ್ತು ವರ್ಷ ದುಡಿದವಳು ನಾನು, ಇಲ್ಲಿ ಅಂಗಡಿಯಲ್ಲಿ ಚೀಲ ಬೇಕಾ ಅಂತ ಕೇಳಿದರೂ ತಲೆ ತಗ್ಗಿಸ್ತಿದ್ದೆ. ಡಿಸೆಂಬರ್‌ನಲ್ಲಿ ಬೆಳಕು ಹರಿಯೋದು ಎಂಟು ದಾಟಿದ ಮೇಲೆ, ಸಂಜೆ ನಾಲ್ಕೂವರೆಗೆ ಕತ್ತಲು. ‘ಮನೆಯಲ್ಲೇ ಇರ್ತೀಯಲ್ಲ, ಒಂದು ಫೋನ್ ಮಾಡೋಕಾಗಲಿಲ್ವಾ’ ಅಂತ ನಮ್ಮನೆಯವರು ಒಂದು ಸಲ ಅಂದರು. ವೈದ್ಯರ ಅಪಾಯಿಂಟ್‌ಮೆಂಟಿನ ವಿಷಯ. ಫೋನ್ ಎತ್ತಿ ಜರ್ಮನ್‌ನಲ್ಲಿ ಮಾತಾಡೋದು ನನಗೆ ಎಂಥ ಬೆಟ್ಟ ಅಂತ ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ. ಎರಡು ದಿನ ಮಾತು ಬಿಟ್ಟಿದ್ವಿ.

ಅಮ್ಮನಿಗೂ ದಿನಾ ಚೆನ್ನಾಗಿದ್ದೀವಿ ಅಂತಲೇ ಹೇಳ್ತಿದ್ದೆ. ಅಕ್ಟೋಬರ್‌ನ ಕೊನೆ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, ಮೂರೂವರೆ ಗಂಟೆಯ ಅಂತರ ನಾಲ್ಕೂವರೆ ಆಗುತ್ತೆ. ಸಂಜೆ ಎಲ್ಲರೂ ಮನೆ ಸೇರಿ ಫೋನ್ ಹಚ್ಚೋ ಹೊತ್ತಿಗೆ ಅಮ್ಮನಿಗೆ ನಿದ್ದೆ. ಜನವರಿಯಲ್ಲಿ ಒಂದು ದಿನ ತಡೆಯೋಕಾಗದೆ, ‘ಅಮ್ಮ, ನಂಗೆ ಇಲ್ಲಿ ಆಗ್ತಿಲ್ಲ’ ಅಂದುಬಿಟ್ಟೆ. ಅಮ್ಮ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, ‘ಅಲ್ಲಿ ಬೆಳಕು ಎಷ್ಟೊತ್ತಿಗೆ ಹರಿಯುತ್ತೆ?’ ಅಂತ ಕೇಳಿದಳು. ಮಾರನೇ ದಿನದಿಂದ ನನಗೆ ಬೆಳಿಗ್ಗೆ ಎಂಟು, ಅವಳಿಗೆ ಮಧ್ಯಾಹ್ನ ಹನ್ನೆರಡೂವರೆ ಆಗ್ತಿದ್ದ ಹಾಗೆ ಫೋನ್ ಬರ್ತಿತ್ತು. ಬೆಳಕು ಬರೋವರೆಗೆ ಏನಾದರೂ ಮಾತಾಡ್ತಾ ಇರ್ತಿದ್ದಳು.

ನನ್ನನ್ನ ಈ ಊರಿಗೆ ಎಳೆದುಕೊಂಡದ್ದು ಒಂದು ಪುಟ್ಟ ಹಲಗೆ. ಈ ಸೀಮೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಕೇರ್‌ವೋಖೆ ಅಂತ ಇದೆ, ಮೆಟ್ಟಿಲು ಗುಡಿಸಿ ಒರೆಸೋ ವಾರದ ಸರದಿ. ಸರದಿ ಯಾರದ್ದೋ ಅವರ ಬಾಗಿಲಿಗೆ ಆ ಹಲಗೆ ನೇತುಹಾಕ್ತಾರೆ. ಮೊದಲ ಸಲ ಅದು ನಮ್ಮ ಬಾಗಿಲಿಗೆ ಬಂದಾಗ ತಪ್ಪಿ ಹಾಕಿದ್ದಾರೆ ಅಂತ ಎದುರು ಮನೆಗೆ ತಗುಲಿಹಾಕಿದೆ. ಆ ಮನೆಯ ಅಜ್ಜಿ ಶನಿವಾರ ಬಕೆಟ್ಟು, ಪೊರಕೆ, ಬಟ್ಟೆ ಹಿಡಿದುಕೊಂಡು ಬಂದು ಬೆಲ್ ಒತ್ತಿದರು. ಬೈತಾರೆ ಅಂದುಕೊಂಡೆ. ಒಂದೊಂದನ್ನೂ ಎತ್ತಿ ತೋರಿಸಿ ಹೆಸರು ಹೇಳಿದರು, ಐಮರ್, ಬೇಝೆನ್, ಲಪ್ಪೆನ್. ನನ್ನಿಂದ ಹೇಳಿಸಿದರು. ಇಬ್ಬರೂ ಸೇರಿ ಮೆಟ್ಟಿಲು ಒರೆಸಿದ್ವಿ. ಆಮೇಲೆ ನನ್ನ ಸರದಿ ಬಂದಾಗಲೆಲ್ಲಾ ಅವರು ಬಾಗಿಲು ತೆರೆದು ನಿಂತು ಮಾತಾಡಿಸ್ತಿದ್ದರು, ಅಪ್ಪಟ ಶ್ವೇಬಿಶ್‌ನಲ್ಲಿ, ಅಂದರೆ ಈ ಸೀಮೆಯ ಆಡುಮಾತಿನಲ್ಲಿ. ಪುಸ್ತಕದ ‘ನಿಶ್ಟ್’ (ಇಲ್ಲ, ಅಲ್ಲ) ಅವರ ಬಾಯಲ್ಲಿ ‘ನೆಟ್’, ‘ಇಶ್’ (ನಾನು) ಬರೀ ‘ಇ’. ಏಪ್ರಿಲ್‌ನಲ್ಲಿ ನಾನು ಸಮನ್ವಯ ಕೋರ್ಸ್ ಸೇರಿದೆ, ಒಟ್ಟು 700 ಪಾಠ, ಅದರಲ್ಲಿ 600 ಭಾಷೆಗೆ, 100 ಇಲ್ಲಿನ ಕಾನೂನು, ಇತಿಹಾಸ, ಸಮಾಜಕ್ಕೆ. ತರಗತಿಯಲ್ಲಿ ಕಲಿತದ್ದನ್ನ ಆಡಿ ನೋಡೋಕೆ ಮೆಟ್ಟಿಲ ಮೇಲೆ ಅಜ್ಜಿ ಇದ್ದರು.

ಈಗ ನಮ್ಮನೆಯವರ ವಿಷಯ. 2024ರ ಸೆಪ್ಟೆಂಬರ್‌ನಲ್ಲಿ, ನಾವು ಬಂದು ಹದಿಮೂರು ತಿಂಗಳಾಗಿತ್ತು, ಮಗಳು ಮಾಮೂಲಿ ತರಗತಿಗೆ ಬಂದಿದ್ದಳು, ಪೋಷಕರ ಸಭೆಗೆ ಇಬ್ಬರೂ ಹೋದ್ವಿ. ಅವರು ನನ್ನ ಪಕ್ಕ ಕೂತು ಪ್ರತಿ ಎರಡು ನಿಮಿಷಕ್ಕೆ ‘ಏನಂತೆ?’ ಅಂತ ಪಿಸುಗುಟ್ಟುತ್ತಿದ್ದರು. ನಾನು ಬಿಡಿಸಿ ಹೇಳ್ತಿದ್ದೆ. ವಾಪಸ್ ಬರುವಾಗ ಟ್ರಾಮಿನಲ್ಲಿ, ‘ನೀವು ಮೂರೂ ಜನ ಇಲ್ಲಿಗೆ ಬಂದುಬಿಟ್ಟಿದ್ದೀರಿ, ನಾನಿನ್ನೂ ಆಫೀಸಿನಲ್ಲೇ ಇದ್ದೀನಿ’ ಅಂದರು. ಮೊದಲು ಸೇರಿದವರು ಅಂತ ನಾನು ಎಣಿಸಿದ್ದವರೇ ಎಲ್ಲರಿಗಿಂತ ಹಿಂದೆ ಉಳಿದಿದ್ದರು. ಮನೆಯ ಖರ್ಚೆಲ್ಲಾ ಹೊತ್ತವರಿಗೆ ಕಲಿಯೋಕೆ ಪುರುಸೊತ್ತು ಇರಲಿಲ್ಲ, ಅದನ್ನ ನಾನು ಯಾವತ್ತೂ ಯೋಚಿಸಿರಲಿಲ್ಲ. ಅಕ್ಟೋಬರ್‌ನಿಂದ ವಾರಕ್ಕೆರಡು ಸಂಜೆ ಭಾಷೆಯ ತರಗತಿಗೆ ಹೋಗ್ತಿದ್ದಾರೆ. ಆ ಎರಡು ಸಂಜೆ ಮಕ್ಕಳನ್ನ ನಾನೇ ನೋಡಿಕೊಳ್ತೀನಿ.

ಹಾಗಾಗಿ ನೀವು ಮೂವರನ್ನೋ ನಾಲ್ವರನ್ನೋ ಒಟ್ಟಿಗೆ ತೂಗಬೇಡಿ. ದೊಡ್ಡ ಮಗುವಿಗೆ ಆರು ತಿಂಗಳು ಕೊಡಿ, ಮಾತಾಡದಿದ್ದರೆ ಒತ್ತಾಯ ಮಾಡಬೇಡಿ, ಮನೆಯಲ್ಲಿ ಕನ್ನಡ ಬಿಡಬೇಡಿ. ಚಿಕ್ಕ ಮಗುವಿನ ಕಿಟಾ ಅರ್ಜಿಯನ್ನ ವಿಳಾಸ ಗೊತ್ತಾದ ದಿನವೇ ಹಾಕಿ, ನೀವು ಮನೆಯಿಂದ ಹೊರಗೆ ಕಾಲಿಡೋ ದಿನ ಅದರ ಮೇಲೇ ನಿಂತಿದೆ. ದಡಾರ ಲಸಿಕೆ ಎರಡೂ ಸಲ ಹಾಕಿಸಿದ ದಾಖಲೆ ಕೈಚೀಲದಲ್ಲೇ ಇರಲಿ, 2020ರ ಮಾರ್ಚ್‌ನಿಂದ ಅದಿಲ್ಲದೆ ಕಿಟಾಗೆ ಸೇರಿಸಿಕೊಳ್ಳಲ್ಲ. ಭಾರತದ ಡ್ರೈವಿಂಗ್ ಲೈಸೆನ್ಸ್ ಆರು ತಿಂಗಳು ಮಾತ್ರ ನಡೆಯುತ್ತೆ, ಆಮೇಲೆ ಇಲ್ಲಿನ ಥಿಯರಿ ಮತ್ತು ಚಾಲನೆ ಎರಡೂ ಪರೀಕ್ಷೆ ಪಾಸಾಗಬೇಕು.

ಕೆಲಸ ಬಿಡೋ ಬಗ್ಗೆ ಕೇಳಿದ್ರಿ. ಯಜಮಾನರದ್ದು ಬ್ಲೂ ಕಾರ್ಡ್ (ಓದಿದ ನೌಕರರಿಗೆ ಇಲ್ಲಿ ಕೊಡೋ ವಾಸದ ಪರವಾನಗಿ) ಆದರೆ ನಿಮಗೂ ಇಲ್ಲಿ ಯಾವ ಕೆಲಸ ಮಾಡೋಕೂ ಅನುಮತಿ ಇರುತ್ತೆ, ಬರೋ ಮುಂಚೆ ಭಾಷಾ ಪರೀಕ್ಷೆ ಪಾಸಾಗಲೇಬೇಕು ಅಂತಲೂ ಇಲ್ಲ. ಬೇಡ ಅಂದರೂ ಈಗಲೇ ಕಲಿಯೋಕೆ ಶುರು ಮಾಡಿ, ದಿನಕ್ಕೆ ಅರ್ಧ ಗಂಟೆ ಸಾಕು. ರಾಜೀನಾಮೆ ಕೊಡೋ ಬದಲು ಒಂದು ವರ್ಷದ ಸಂಬಳವಿಲ್ಲದ ರಜೆ ಸಿಗುತ್ತಾ ಅಂತ ಒಮ್ಮೆ ಕೇಳಿ ನೋಡಿ. ನಾನು ಕೇಳಲಿಲ್ಲ, ಆ ಚಳಿಗಾಲದಲ್ಲಿ ಅದು ಪದೇ ಪದೇ ಚುಚ್ಚುತ್ತಿತ್ತು. ಯಾವ ತಿಂಗಳಲ್ಲಿ ಬರ್ತೀರಿ ಅಂತ ಬರೆಯಿರಿ, ಕಿಟಾ ಅರ್ಜಿಯಲ್ಲಿ ಏನೇನು ತುಂಬಬೇಕು ಅಂತ ಬಿಡಿಸಿ ಹೇಳ್ತೀನಿ.