ಪ್ಯಾದೆ ಪ್ರಶ್ನೆ, ಮಂತ್ರಿ ಉತ್ತರ: ಈ ಸಲ ಪೂರ್ತಿ ಟೀಮ್ ಚೆಸ್

ಹೋದ ಸಂಚಿಕೆಲಿ ಟೀಮ್ ಚೆಸ್ ನೋಡೋ ಹುಚ್ಚಿನ ಬಗ್ಗೆ ಸುಮ್ನೆ ನಾಲ್ಕು ಸಾಲು ಬರ್ದಿದ್ದೆ, ಅದಕ್ಕೆ ಇಷ್ಟೊಂದು ಪ್ರಶ್ನೆ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಕೆಲವು ಪ್ರಶ್ನೆ ನೋಡಿ ನಗು ಬಂತು, ಒಂದೆರಡಕ್ಕೆ ನಾನೇ ತಲೆ ಕೆರ್ಕೊಂಡೆ. ಒಂದೇ ತರದ್ದನ್ನ ಒಟ್ಟಿಗೆ ಸೇರಿಸಿ ಉತ್ತರ ಕೊಡ್ತಿದೀನಿ, ಬೇಜಾರು ಮಾಡ್ಕೋಬೇಡಿ.

ಪ್ರ: ನನಗೆ ಕಾಯಿ ನಡೆಸೋದು ಗೊತ್ತು, ಅಷ್ಟೇ. ಲೈವ್ ಹಾಕಿದ್ರೆ ನಾಲ್ಕು ಬೋರ್ಡು ಒಟ್ಟಿಗೆ ಬರುತ್ತೆ, ಯಾವುದನ್ನ ನೋಡ್ಲಿ ಅಂತ ಗೊತ್ತಾಗದೆ ಹತ್ತು ನಿಮಿಷಕ್ಕೆ ಮುಚ್ಚಿಬಿಡ್ತೀನಿ. — ಕುದುರೆ ಮಾತ್ರ ಪ್ರೀತಿಸೋಳು

ಮೊದಲ ಎರಡು ಗಂಟೆ ನೀವು ಮುಚ್ಚಿಟ್ರೂ ಏನೂ ನಷ್ಟ ಇಲ್ಲ, ನಿಜವಾಗ್ಲೂ. ಒಲಿಂಪಿಯಾಡ್‌ನಲ್ಲಿ, ಅಂದ್ರೆ ದೇಶ ದೇಶಗಳ ಟೀಮುಗಳು ನಾಲ್ಕು ನಾಲ್ಕು ಬೋರ್ಡಲ್ಲಿ ಆಡೋ ದೊಡ್ಡ ಟೂರ್ನಿಲಿ, ಮೊದಲ 40 ನಡೆಗೆ ಒಬ್ಬೊಬ್ಬರಿಗೆ 90 ನಿಮಿಷ, ಜೊತೆಗೆ ಪ್ರತಿ ನಡೆಗೂ 30 ಸೆಕೆಂಡ್ ಸೇರ್ತಾ ಹೋಗುತ್ತೆ. ಅಂದ್ರೆ 40 ನಡೆಗೆ 20 ನಿಮಿಷ ಜಾಸ್ತಿ ಆಯ್ತು, ಇಬ್ಬರದ್ದೂ ಸೇರಿ ಮೂರು ಗಂಟೆ ನಲವತ್ತು ನಿಮಿಷ. ಹಾಗಾಗಿ ಆಟ ಶುರುವಾಗಿ ಮೂರು ಗಂಟೆ ಆದ್ಮೇಲೆ ಬನ್ನಿ, ಬಂದು ಕಾಯಿ ನೋಡೋಕ್ ಮುಂಚೆ ಗಡಿಯಾರ ನೋಡಿ. ನಾಲ್ಕರಲ್ಲಿ ಯಾರ ಹತ್ರ ಎರಡೇ ನಿಮಿಷ ಉಳಿದಿದೆಯೋ, ಅದೇ ಸಮಯದಲ್ಲಿ ಇನ್ನೂ ಎಂಟತ್ತು ನಡೆ ಬಾಕಿ ಇದೆಯೋ, ಆ ಬೋರ್ಡ್ ದೊಡ್ಡದು ಮಾಡ್ಕೊಳಿ. ತೊಂಬತ್ತು ಭಾಗ ಅವತ್ತಿನ ಕಥೆ ಅಲ್ಲೇ ನಡೆಯೋದು.

ಇನ್ನೊಂದು, ಬಣ್ಣ. ಪಟ್ಟಿಲಿ ಯಾವ ಟೀಮ್ ಹೆಸರು ಮೊದಲಿದೆಯೋ ಅವರಿಗೆ 1 ಮತ್ತು 3ನೇ ಬೋರ್ಡಲ್ಲಿ ಬಿಳಿ, 2 ಮತ್ತು 4ರಲ್ಲಿ ಕಪ್ಪು. ಸಾಮಾನ್ಯವಾಗಿ ಕಪ್ಪಿನವರು ಹಿಡ್ಕೊಂಡು ಕೂತ್ಕೊಳೋದು, ಬಿಳಿಯವರು ಹೊಡೆಯೋದು, ಇದೇ ಪ್ಲಾನ್. 2024ರ ಬುಡಾಪೆಸ್ಟ್ ಒಲಿಂಪಿಯಾಡ್, 10ನೇ ಸುತ್ತು, ನಾವು ಅಮೆರಿಕಾ ಮೇಲೆ. ನಮಗೆ 1 ಮತ್ತು 3ರಲ್ಲಿ ಬಿಳಿ ಇತ್ತು. ಎರಡನೇ ಬೋರ್ಡಲ್ಲಿ ಪ್ರಜ್ಞಾನಂದ ವೆಸ್ಲಿ ಸೋ ಮುಂದೆ ಸೋತುಹೋದ, ಒಂದೇ ಬೋರ್ಡ್ ನೋಡ್ತಿದ್ದೋರು ಅಯ್ಯೋ ಮುಗೀತು ಅಂತ ಎದ್ದು ಹೋಗಿರ್ತಾರೆ. ಆದ್ರೆ ಗುಕೇಶ್ ಬಿಳಿಲಿ ಕರುವಾನಾನ ಹೊಡೆದ, ಅರ್ಜುನ್ ಬಿಳಿಲಿ ಡೊಮಿಂಗೆಜ್‌ನ ಹೊಡೆದ, ವಿದಿತ್ ಕಪ್ಪಲ್ಲಿ ಅರೋನಿಯನ್ ಜೊತೆ ಡ್ರಾ. ಬೋರ್ಡ್ ಗೆದ್ರೆ ಒಂದು, ಡ್ರಾ ಆದ್ರೆ ಅರ್ಧ ಪಾಯಿಂಟು, ಹಾಗಾಗಿ ಎರಡೂವರೆ - ಒಂದೂವರೆ, ಪಂದ್ಯ ನಮ್ದು. ಪ್ರಜ್ಞಾನಂದನ ಸೋಲನ್ನ ಪಕ್ಕದ ಎರಡು ಬೋರ್ಡು ನುಂಗ್ಕೊಂಡ್ವು.

ಪ್ರ: ಒಳ್ಳೆ ಸ್ಥಿತಿಲಿ ಇದ್ದಾಗ್ಲೂ ಡ್ರಾ ಮಾಡ್ಕೊಂಡು ಎದ್ದು ಹೋಗ್ತಾರಲ್ಲ, ಅದು ನೋಡೋರಿಗೆ ಮಾಡೋ ಮೋಸ ಅಲ್ವಾ? ಡ್ರಾ ಬ್ಯಾನ್ ಮಾಡ್ಬೇಕು. — ಬಿಸಿರಕ್ತ

ಬಿಸಿರಕ್ತದವರೇ, ಸ್ವಲ್ಪ ಕೂತ್ಕೊಳಿ, ಇದಕ್ಕೆ ಉತ್ತರ ಉದ್ದ ಇದೆ.

2022, ಚೆನ್ನೈ ಹತ್ರ ಮಾಮಲ್ಲಪುರಂ, 44ನೇ ಒಲಿಂಪಿಯಾಡ್. ನಮ್ಮ ಎರಡನೇ ಟೀಮಲ್ಲಿ ಮೊದಲ ಬೋರ್ಡಿಗೆ 16 ವರ್ಷದ ಗುಕೇಶ್. ಆ ಹುಡುಗ ಶುರುವಿನ ಎಂಟಕ್ಕೆ ಎಂಟೂ ಗೆದ್ದುಬಿಟ್ಟಿದ್ದ, ಹುಚ್ಚು ಹಿಡಿಸಿದ್ದ ನಮಗೆಲ್ಲ. ಹತ್ತನೇ ಸುತ್ತಲ್ಲಿ ಉಜ್ಬೇಕಿಸ್ತಾನ ಎದುರು, ಅವನ ಮುಂದೆ ಅಬ್ದುಸತ್ತೊರೊವ್. ಒಂದು ಹಂತದಲ್ಲಿ ಗುಕೇಶ್ ಗೆಲ್ಲೋ ಸ್ಥಿತಿಲೇ ಇದ್ದ. ಅಷ್ಟರಲ್ಲಿ ಸ್ಥಿತಿ ಸಮ ಆಗ್ತಾ ಬಂತು, ಟೈಮ್ ಕರಗ್ತಾ ಬಂತು, ಅವನು ಮಾತ್ರ ಗೆಲುವಿಗೇ ಒತ್ತುತ್ತಿದ್ದ, ಕೊನೆಗೆ ಸೆಕೆಂಡುಗಳಲ್ಲಿ ಒಂದು ತಪ್ಪು ನಡೆ. ಸೋತ. ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದ ಹುಡುಗನ್ನ ನೋಡಿ ನನಗೆ ಅವತ್ತು ಊಟ ಸೇರ್ಲಿಲ್ಲ. ಪಂದ್ಯ 2-2.

ಈಗ ಲೆಕ್ಕ ಹಾಕಿ. ಅವನು ಸೋತು 2-2 ಅಂದ್ರೆ, ಅವನು ಡ್ರಾ ಮಾಡಿದ್ರೆ ಎರಡೂವರೆ - ಒಂದೂವರೆ, ಟೀಮಿಗೆ ಪೂರ್ತಿ ಗೆಲುವು. ಆ ಒಂದು ಬೋರ್ಡಲ್ಲಿ ಡ್ರಾ ಅಂದ್ರೆ ಗೆಲುವೇ ಆಗಿತ್ತು ಸ್ವಾಮಿ. ಚಿನ್ನ ಉಜ್ಬೇಕಿಸ್ತಾನಕ್ಕೆ ಹೋಯ್ತು, ನಮ್ಮ ಹುಡುಗರಿಗೆ ಕಂಚು. ಗುಕೇಶ್‌ಗೆ 11ಕ್ಕೆ 9 ಬಂದು, ಮೊದಲ ಬೋರ್ಡಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡಿದ್ದಕ್ಕೆ ಬೋರ್ಡ್ ಚಿನ್ನ ಬಂತು, ಅದು ಬೇರೆ ಮಾತು. ಅವನನ್ನ ಬೈಯೋಕೆ ಇದನ್ನ ಹೇಳ್ತಿಲ್ಲ, ಅದೇ ಹುಡುಗ ಎರಡು ವರ್ಷ ಆದ್ಮೇಲೆ ಬುಡಾಪೆಸ್ಟ್‌ನಲ್ಲಿ 10 ಆಟದಲ್ಲಿ 9 ಪಾಯಿಂಟ್ ಹೊಡೆದು ಟೀಮಿಗೆ ಚಿನ್ನ ತಂದ, ಡಿಸೆಂಬರ್‌ನಲ್ಲಿ ಸಿಂಗಾಪುರದಲ್ಲಿ ವಿಶ್ವ ಚಾಂಪಿಯನ್ನೂ ಆದ. ಇಲ್ಲಿ ನನ್ನ ಮಾತು ಇಷ್ಟೇ, ಟೀಮ್ ಚೆಸ್‌ನಲ್ಲಿ ಪಕ್ಕದ ಮೂರು ಬೋರ್ಡ್ ನೋಡದೆ ಯಾವ ಡ್ರಾನೂ ಒಳ್ಳೇದೋ ಕೆಟ್ಟದೋ ಅಂತ ಹೇಳೋಕ್ ಆಗಲ್ಲ. ನೀವು ಮುಂದಾಗಿದ್ರೆ ಅರ್ಧ ಪಾಯಿಂಟು ಬಂಗಾರ, ಹಿಂದಿದ್ರೆ ಅದೇ ಅರ್ಧ ಪಾಯಿಂಟು ಮಣ್ಣು.

ಅಂದ್ಹಾಗೆ ಒಲಿಂಪಿಯಾಡ್‌ನಲ್ಲಿ 30 ನಡೆ ಆಗೋ ತನಕ ಬಾಯಿಬಿಟ್ಟು ಡ್ರಾ ಕೇಳೋ ಹಾಗಿಲ್ಲ ಅಂತ ರೂಲ್ ಇದೆ, ನಿಮ್ಮ ಬೇಡಿಕೆ ಅರ್ಧ ಈಗಾಗ್ಲೇ ಈಡೇರಿದೆ. ಬೋರ್ಡ್ ಮೇಲೆ ಅದೇ ಸ್ಥಿತಿ ಮೂರು ಸಲ ಬಂದ್ರೆ ಮಾತ್ರ ಡ್ರಾನ ಯಾರೂ ತಡೆಯೋಕಾಗಲ್ಲ.

ಪ್ರ: ಆ ಕ್ಯಾಪ್ಟನ್ ಅನ್ನೋರು ಕೈಕಟ್ಕೊಂಡು ಹಿಂದೆ ಓಡಾಡೋದು ಬಿಟ್ಟು ಬೇರೆ ಏನು ಮಾಡ್ತಾರೆ? — ನಿವೃತ್ತ ಮೇಷ್ಟ್ರು

ಆಟ ನಡೀತಿರುವಾಗ ಬಹುಮಟ್ಟಿಗೆ ಅಷ್ಟೇ ಮಾಡೋದು ಮೇಷ್ಟ್ರೇ, ಪರೀಕ್ಷೆ ಹಾಲಲ್ಲಿ ನೀವು ಓಡಾಡಿದ ಹಾಗೆ! ಸ್ಥಿತಿ ಬಗ್ಗೆ ಒಂದಕ್ಷರ ಮಾತಾಡೋ ಹಾಗಿಲ್ಲ. ಆಟಗಾರ ಬಂದು ಡ್ರಾ ತಗೊಳ್ಲಾ ಅಂತ ಕೇಳಿದ್ರೆ ಹೂಂ, ಊಹೂಂ, ಅಥವಾ ನಿನ್ನಿಷ್ಟ, ಇಷ್ಟರಲ್ಲಿ ಮುಗಿಸ್ಬೇಕು. ಡ್ರಾ ಕೇಳು ಅಂತಲೋ ಆಟ ಬಿಟ್ಕೊಡು ಅಂತಲೋ ತಾನಾಗಿ ಹೇಳ್ಬಹುದು, ಯಾಕೆ ಏನು ಅಂತ ವಿವರಿಸೋ ಹಾಗಿಲ್ಲ. ಆದ್ರೆ ಆ ಒಂದು ಊಹೂಂ ಹೇಳೋಕೆ ನಾಲ್ಕೂ ಬೋರ್ಡಿನ ಲೆಕ್ಕ ತಲೇಲಿ ಇರ್ಬೇಕು, ಅದೂ ಕಂಪ್ಯೂಟರ್ ಸಹಾಯ ಇಲ್ದೆ.

ನಿಜವಾದ ಕೆಲಸ ಹಿಂದಿನ ರಾತ್ರಿದು. ಐದು ಜನರಲ್ಲಿ ನಾಲ್ವರನ್ನ ಆರಿಸ್ಬೇಕು, ಕ್ರಮ ಮಾತ್ರ ಟೂರ್ನಿ ಶುರುವಿಗೆ ಕೊಟ್ಟಿದ್ದೇ, ಮಧ್ಯದಲ್ಲಿ ಹಿಂದೆ ಮುಂದೆ ಮಾಡೋ ಹಾಗಿಲ್ಲ. ಬುಡಾಪೆಸ್ಟ್‌ನಲ್ಲಿ ನಮ್ಮ ಕ್ರಮ ಗುಕೇಶ್, ಪ್ರಜ್ಞಾನಂದ, ಅರ್ಜುನ್, ವಿದಿತ್, ಹರಿಕೃಷ್ಣ, ಕ್ಯಾಪ್ಟನ್ ಶ್ರೀನಾಥ್ ನಾರಾಯಣನ್. ಗುಕೇಶ್‌ಗೆ ರೆಸ್ಟ್ ಕೊಟ್ರೆ ಎಲ್ಲರೂ ಒಂದೊಂದು ಕುರ್ಚಿ ಮೇಲೆ ಜರುಗ್ತಾರೆ. ಅರ್ಜುನ್‌ನ ಮೂರನೇ ಬೋರ್ಡಿಗೆ ಹಾಕಿದ್ದು ನನ್ನ ಪ್ರಕಾರ ಇಡೀ ಟೂರ್ನಿಯ ಒಳ್ಳೆ ನಡೆ. ಬೇರೆ ಎಷ್ಟೋ ದೇಶಕ್ಕೆ ಮೊದಲ ಬೋರ್ಡ್ ಆಡೋ ಹುಡುಗ ಮೂರರಲ್ಲಿ ಕೂತು 11 ಆಟದಲ್ಲಿ 10 ಪಾಯಿಂಟ್ ಎತ್ತಿದ.

ಪ್ರ: 4-0 ಗೆದ್ರೂ ಎರಡೇ ಪಾಯಿಂಟು, ಎರಡೂವರೆ - ಒಂದೂವರೆ ಗೆದ್ರೂ ಎರಡೇ ಪಾಯಿಂಟು. ಇದ್ಯಾವ ನ್ಯಾಯ? ಆಮೇಲೆ ಆ ಟೈಬ್ರೇಕ್ ಕಾಲಂ ನೋಡಿದ್ರೆ ತಲೆ ಗಿರ್ ಅನ್ನುತ್ತೆ. — ಲೆಕ್ಕದಲ್ಲಿ ಫೇಲು

ಮುಂಚೆ ನಿಮ್ಮ ನ್ಯಾಯವೇ ನಡೀತಿತ್ತು, ಎಲ್ಲಾ ಬೋರ್ಡಿನ ಪಾಯಿಂಟ್ ಕೂಡಿಸೋರು. 2008ರ ಡ್ರೆಸ್ಡನ್ ಒಲಿಂಪಿಯಾಡಿಂದ ಪಂದ್ಯ ಗೆದ್ರೆ 2, ಸಮ ಆದ್ರೆ 1. ನನಗೆ ಈಗಿನದ್ದೇ ಇಷ್ಟ, ದುರ್ಬಲ ಟೀಮನ್ನ ಚಚ್ಚಿ ಪಾಯಿಂಟ್ ಗುಡ್ಡೆ ಹಾಕೋದಕ್ಕಿಂತ ಗಟ್ಟಿ ಟೀಮನ್ನ ಅರ್ಧ ಪಾಯಿಂಟಲ್ಲಿ ಹಿಂದೆ ಹಾಕೋದಕ್ಕೆ ಬೆಲೆ ಸಿಗುತ್ತೆ.

ಪಾಯಿಂಟ್ ಸಮ ಆದಾಗ ಯಾರು ಮೇಲೆ ಅಂತ ತೀರ್ಮಾನಿಸೋ ಆ ಟೈಬ್ರೇಕ್ ಹೆಸರು ಸೊನ್ನೆಬಾರ್ನ್ ಬರ್ಗರ್, ಹೆಸರಿಗೆ ಹೆದರ್ಬೇಡಿ. ನೀವು ಆಡಿದ ಟೀಮು ಕೊನೆಗೆ ಎಷ್ಟು ಮ್ಯಾಚ್ ಪಾಯಿಂಟ್ ತಗೊಳ್ತೋ ಅದನ್ನ, ಅವರ ಮೇಲೆ ನೀವು ಬೋರ್ಡಲ್ಲಿ ಎತ್ತಿದ ಪಾಯಿಂಟಿಂದ ಗುಣಿಸಿ. ಅವರು 14ಕ್ಕೆ ನಿಂತ್ರು, ನೀವು 3-1 ಗೆದ್ದಿದ್ರಿ ಅಂದ್ರೆ 42. ಎರಡೂವರೆ ಅಷ್ಟೇ ಎತ್ತಿದ್ರೆ 35. ಹೀಗೆ ಎಲ್ಲಾ ಸುತ್ತಿಂದು ಕೂಡಿಸ್ಬೇಕು, ಅತಿ ಕಮ್ಮಿ ಪಾಯಿಂಟ್ ತಗೊಂಡ ಎದುರಾಳಿ ಒಬ್ಬರನ್ನ ಬಿಡ್ಬೇಕು. ಅಂದ್ರೆ ನಿಮ್ಮ 4-0 ಪೂರ್ತಿ ನೀರುಪಾಲಾಗಲ್ಲ, ಇಲ್ಲಿ ಕೈಹಿಡಿಯುತ್ತೆ. ಇದರ ತಮಾಷೆ ಏನಂದ್ರೆ ಕೊನೆ ದಿನ ನೀವು ಮೊದಲು ಹೊಡೆದು ಹಾಕಿದ್ದ ಟೀಮುಗಳಿಗೇ ಚಪ್ಪಾಳೆ ಹೊಡೀತಾ ಕೂರ್ಬೇಕಾಗುತ್ತೆ, ಅವರು ಗೆದ್ದಷ್ಟೂ ನಿಮ್ಮ ಹಳೆ ಗೆಲುವಿನ ತೂಕ ಏರುತ್ತೆ.

ಪ್ರ: ನಾನು ನೋಡೋಕೆ ಕೂತ್ರೆ ಭಾರತ ಸೋಲುತ್ತೆ. ಮನೇಲಿ ಎಲ್ಲರೂ ಹಾಗೇ ಹೇಳ್ತಾರೆ. ನೋಡ್ಲಾ ಬೇಡ್ವಾ? — ಶನಿ

ಧೈರ್ಯವಾಗಿ ನೋಡಿ. ಕಳ್ಳಾಟ ತಡೆಯೋಕೆ ಅಂತ ಎಷ್ಟೋ ಟೂರ್ನಿಲಿ ನಡೆಗಳನ್ನ ಬೇಕಂತಲೇ ಹಲವು ನಿಮಿಷ ತಡವಾಗಿ ತೋರಿಸ್ತಾರೆ. ನೀವು ಕಣ್ಣು ಹಾಕೋ ಹೊತ್ತಿಗೆ ಆ ಕುದುರೆ ಆಗ್ಲೇ ಸತ್ತಿರುತ್ತೆ, ನಿಮ್ಮ ತಪ್ಪಲ್ಲ.

ಪ್ರ: ಕಾರ್ಲ್ಸನ್ ಅಂಥೋನು ಇದ್ದೂ ನಾರ್ವೆಗೆ ಒಲಿಂಪಿಯಾಡ್ ಚಿನ್ನ ಯಾಕಿಲ್ಲ? — ಹೈಸ್ಕೂಲ್ ಹುಡುಗ

ಅವನು ಗೆದ್ರೂ ಒಂದೇ ಪಾಯಿಂಟು ಮರಿ, ಇನ್ನೂ ಮೂರು ಕುರ್ಚಿ ಇದಾವೆ.

ಪ್ರ: ನಮ್ಮ ರಾಷ್ಟ್ರೀಯ ಟೀಮ್ ಚಾಂಪಿಯನ್‌ಶಿಪ್ ರಿಸಲ್ಟ್ ತೆಗೆದ್ರೆ ರೈಲ್ವೇಸ್, ಪೆಟ್ರೋಲಿಯಂ ಅಂತೆಲ್ಲ ಕಾಣುತ್ತೆ. ಇದೇನು ಚೆಸ್ಸಾ ಇಲ್ಲಾ ನೌಕರರ ಸಂಘದ ಸಭೆನಾ? ನಾನು ಯಾರ ಕಡೆ ನಿಲ್ಲಲಿ? — ಕನ್ನಡಿಗ

ನಕ್ಕು ಸುಸ್ತಾಯ್ತು. ನೋಡಿ, ನಮ್ಮಲ್ಲಿ ಎಷ್ಟೋ ವರ್ಷ ಚೆಸ್ ಆಡಿ ಹೊಟ್ಟೆ ಹೊರ್ಕೊಳೋ ದಾರಿ ಅಂದ್ರೆ ಕ್ರೀಡಾ ಕೋಟಾದಲ್ಲಿ ಒಂದು ಸರ್ಕಾರಿ ಕೆಲಸ, ಇಲ್ಲಾ ತೈಲ ಕಂಪನಿ ಕೆಲಸ. ಕೆಲಸ ಕೊಟ್ಟ ಸಂಸ್ಥೆ ಹೆಸರಲ್ಲೇ ರಾಷ್ಟ್ರೀಯ ಟೂರ್ನಿ ಆಡೋದು. ತೈಲ ಕಂಪನಿಗಳೆಲ್ಲ ಸೇರಿದ ಪೆಟ್ರೋಲಿಯಂ ಕ್ರೀಡಾ ಮಂಡಳಿ ಟೀಮಲ್ಲಿ ಎಷ್ಟೋ ಸಲ ಗ್ರ್ಯಾಂಡ್‌ಮಾಸ್ಟರ್‌ಗಳೇ ಸಾಲಾಗಿ ಕೂತಿರ್ತಾರೆ, ಎದುರಿಗೆ ಯಾವುದೋ ರಾಜ್ಯದ ಶಾಲಾ ಹುಡುಗರು. ಅಂಥ ಪಂದ್ಯ ನೋಡೋ ಮಜಾ ಒಲಿಂಪಿಯಾಡಲ್ಲೂ ಇಲ್ಲ ಅಂತೀನಿ ನಾನು. ಮಗ್ಗುಲಲ್ಲಿ ನಿಂತು ನೋಡಿದ್ರೆ ನಲವತ್ತು ದಾಟಿದ ರೈಲ್ವೆ ಆಟಗಾರ ಆನೆ ಕೊನೆಯಾಟದಲ್ಲಿ ಹನ್ನೆರಡು ವರ್ಷದ ಹುಡುಗನ್ನ ಎರಡು ಗಂಟೆ ಹಿಂಡ್ತಿರ್ತಾನೆ, ಹುಡುಗ ಕಾಲು ನೆಲಕ್ಕೆ ಎಟುಕದೆ ಕುರ್ಚಿಲಿ ಕಾಲಾಡಿಸ್ತಾ ಕೂತಿರ್ತಾನೆ, ಆದ್ರೂ ಡ್ರಾ ಹಿಡ್ಕೊಂಡು ಹೋಗ್ತಾನೆ!

ಯಾರ ಕಡೆ ಅಂದ್ರೆ, ಟೀಮ್ ಹೆಸರು ಬಿಟ್ಟು ಆಟಗಾರನ್ನ ಹಿಡ್ಕೊಳಿ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ತೇಜ್‌ಕುಮಾರ್, ಆ ಪಟ್ಟ ಸಿಕ್ಕಿದ್ದು 2017ರಲ್ಲಿ, ಅವರು ರೈಲ್ವೆಯವರೇ. ಆನಂದ್ 1988ರಲ್ಲಿ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ್ರಲ್ಲ, ಅಲ್ಲಿಂದ ನಮ್ಮ ರಾಜ್ಯಕ್ಕೆ ಒಬ್ಬರು ಬರೋಕೆ 29 ವರ್ಷ ಬೇಕಾಯ್ತು. ಆಮೇಲೆ ಸ್ಟಾನಿ, ಗಿರೀಶ್ ಕೌಶಿಕ್, 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್ ಅಂತ ಸಾಲು ಬಂತು. ಇವರಲ್ಲಿ ಯಾರ ಹೆಸರು ಪಟ್ಟಿಲಿ ಕಂಡ್ರೂ ಆ ಟೀಮು ನಮ್ದೇ ಅಂದ್ಕೊಂಡು ನೋಡಿ, ನಾನು ಹಾಗೇ ಮಾಡೋದು.

ಪ್ರ: ಎಲ್ಲರೂ ಹುಡುಗರ ಟೀಮ್ ಬಗ್ಗೆನೇ ಮಾತಾಡ್ತಾರೆ. ಬುಡಾಪೆಸ್ಟ್‌ನಲ್ಲಿ ಹುಡುಗಿಯರೂ ಚಿನ್ನ ಗೆದ್ರಲ್ಲ, ನೀವೂ ಹೋದ ಸಲ ಒಂದು ಮಾತೂ ಬರೀಲಿಲ್ಲ. — ಸಿಟ್ಟಿರೋ ಓದುಗಿ

ತಪ್ಪಾಯ್ತು, ಒಪ್ಕೊಂಡೆ. ನಿಜ ಹೇಳ್ಬೇಕಂದ್ರೆ ಅಭಿಮಾನಿ ಹೊಟ್ಟೆಲಿ ಕಿಚ್ಚು ಹಚ್ಚಿದ್ದು ಆ ಟೂರ್ನಿಲಿ ಹುಡುಗಿಯರ ಟೀಮೇ. ಹುಡುಗರು 22ರಲ್ಲಿ 21 ಪಾಯಿಂಟ್ ತಗೊಂಡು ಆರಾಮಾಗಿ ಗೆದ್ರು, ಉಜ್ಬೇಕಿಸ್ತಾನದ ಜೊತೆ 2-2 ಆಗಿದ್ದು ಬಿಟ್ರೆ ಭಯನೇ ಇರ್ಲಿಲ್ಲ, ಕೊನೆಗೆ ಸ್ವಲ್ಪ ಬೋರೇ ಹೊಡೀತು ಅಂದ್ರೆ ಬೈಬೇಡಿ. ಹುಡುಗಿಯರದ್ದು ಹಾಗಲ್ಲ. ಏಳಕ್ಕೆ ಏಳು ಗೆದ್ಕೊಂಡು ಬಂದು 8ನೇ ಸುತ್ತಲ್ಲಿ ಪೋಲೆಂಡ್ ಮುಂದೆ ಸೋತ್ರು. 9ರಲ್ಲಿ ಅಮೆರಿಕಾ ಎದುರೂ ಪಂದ್ಯ ಕೈ ಜಾರ್ತಿತ್ತು, ನಮ್ಮ ವಂತಿಕಾ ಐರಿನಾ ಕ್ರಶ್‌ನ ಹೊಡೆದು 2-2 ಮಾಡಿದ್ಲು. 10ರಲ್ಲಿ ಚೀನಾ, ಮೂರು ಬೋರ್ಡ್ ಡ್ರಾ, ದಿವ್ಯಾ ದೇಶಮುಖ್ ಒಬ್ಬಳೇ ಗೆದ್ಲು, ಅಷ್ಟರಲ್ಲೇ ಪಂದ್ಯ ಬಂತು. ಆ ಮೂರು ಡ್ರಾ ಮಾಡಿದೋರಿಗೆ ಯಾರಾದ್ರೂ ಹೂವಿನ ಹಾರ ಹಾಕಿದ್ರಾ? ಬಿಸಿರಕ್ತದವರು ದಯವಿಟ್ಟು ಇದನ್ನ ಎರಡು ಸಲ ಓದಿ.

ಕೊನೆ ಸುತ್ತಿಗೆ ಬಂದಾಗ ನಾವೂ ಕಜಕಿಸ್ತಾನವೂ 17-17. ನಮ್ಮವರು ಅಜರ್‌ಬೈಜಾನ್‌ನ ಮೂರೂವರೆ - ಅರ್ಧ ಅಂತ ಮುಗಿಸ್ತಿದ್ರು, ನಾನು ಮಾತ್ರ ಅದನ್ನ ಬಿಟ್ಟು ಪಕ್ಕದ ಟ್ಯಾಬಲ್ಲಿ ಕಜಕಿಸ್ತಾನ - ಅಮೆರಿಕಾ ತೆಗೆದಿಟ್ಕೊಂಡು ಉಗುರು ಕಚ್ತಿದ್ದೆ. ಎರಡು ಸುತ್ತಿನ ಹಿಂದೆ ನಮ್ಮಿಂದ ಪಾಯಿಂಟ್ ಕಿತ್ಕೊಂಡಾಗ ಶಾಪ ಹಾಕಿದ್ದ ಅದೇ ಅಮೆರಿಕಾ ಹುಡುಗಿಯರಿಗೆ, ಹಿಡ್ಕೊಳಮ್ಮ, ಬಿಡ್ಬೇಡಮ್ಮ ಅಂತ ಸ್ಕ್ರೀನ್ ಮುಂದೆ ಗೊಣಗ್ತಾ ಕೂತಿದ್ದೆ. ಹಿಡ್ಕೊಂಡ್ರು, 2-2.