400 ಅಡಿ ರೋಲು ಎಷ್ಟು ಹೊತ್ತು ಓಡುತ್ತದೆ?

ನಮಸ್ಕಾರ.

ನೀವು ಕಳಿಸಿದ ‘ಸಿನಿಮಾ ಕ್ಯಾಮೆರಾ, ಟಿವಿ ಕ್ಯಾಮೆರಾ: ಯಾವುದು ಮೇಲು?’ ಲೇಖನ ಓದಿದೆ. ಹೀಗೇ ಅಚ್ಚಿಗೆ ಕೊಡಲಾಗದು. ಹುಬ್ಬಳ್ಳಿಯಲ್ಲಿ ಕಂಪನಿ ನಾಟಕ ಚಿತ್ರೀಕರಿಸುವ ಭಾಗ ಚಲೋ ಇದೆ, ಆದರೆ ಅದನ್ನು ನಾಲ್ಕನೇ ಪುಟದಲ್ಲಿ ಬಚ್ಚಿಟ್ಟಿದ್ದೀರಿ.

ಮೊದಲು ಲೆಕ್ಕ. ‘400 ಅಡಿ ರೋಲು ಹನ್ನೊಂದು ನಿಮಿಷ’ ಎಂಬುದು 16 ಎಂಎಂ ಅಗಲದ ಫಿಲ್ಮಿನ ಮಾತು. ಸಿನಿಮಾದ 35 ಎಂಎಂನಲ್ಲಿ ಅಡಿಗೆ 16 ಫ್ರೇಮು (ಬಿಡಿ ಚಿತ್ರ), ಓಡುವುದು ಸೆಕೆಂಡಿಗೆ 24. ನಿಮಿಷಕ್ಕೆ 90 ಅಡಿ ಹೋಗುತ್ತದೆ. ನಾಲ್ಕೂವರೆ ನಿಮಿಷದೊಳಗೆ ರೋಲು ಖಾಲಿ. ಸಿನಿಮಾದವರು ರಿಹರ್ಸಲ್ ಮುಗಿಯದೆ ಕ್ಯಾಮೆರಾ ಓಡಿಸಲು ಯಾಕೆ ಹಿಂಜರಿಯುತ್ತಿದ್ದರು ಎಂಬುದು ಇಲ್ಲಿದೆ. ನೀವು ಅದನ್ನು ‘ಶಿಸ್ತು’ ಎಂದು ಹೊಗಳಿ ಮುಂದೆ ಹೋಗಿದ್ದೀರಿ.

‘ಮೂರು ಕ್ಯಾಮೆರಾ ಇಟ್ಟರೆ ಕೆಲಸ ಮೂರು ಪಟ್ಟು ಬೇಗ’ ಎಂಬುದೂ ನಿಲ್ಲದು. ಹೊತ್ತು ತಿನ್ನುವುದು ಲೈಟಿಂಗ್. ಒಂದೇ ಕ್ಯಾಮೆರಾ ಇದ್ದರೆ ಕ್ಲೋಸಪ್‌ಗೆ ದೀಪವನ್ನು ಮುಖದ ಹತ್ತಿರ ತರಬಹುದು. ಮೂರಿದ್ದರೆ ಆ ದೀಪದ ಸ್ಟ್ಯಾಂಡು ಪಕ್ಕದ ಕ್ಯಾಮೆರಾಕ್ಕೆ ಕಾಣುತ್ತದೆ. ಮೇಲಿಂದ, ಎಲ್ಲ ಕೋನಕ್ಕೂ ಹೊಂದುವಂತೆ ಬೆಳಕು ಹಾಕಬೇಕು, ಮುಖ ಚಪ್ಪಟೆಯಾಗುತ್ತದೆ.

ನಾಟಕಕ್ಕೆ ಮಾತ್ರ ಮೂರು ಬೇಕೇ ಬೇಕು. ಪ್ರೇಕ್ಷಕರ ಮುಂದೆ ಎರಡನೇ ಟೇಕ್ ಎಲ್ಲಿಂದ ಬರಬೇಕು? ನಡುವೆ ಇಡೀ ರಂಗ ಹಿಡಿಯುವ ವೈಡ್, ಎಡಬಲದಲ್ಲಿ ಕ್ಲೋಸಪ್, ಮೂರೂ ಪ್ರೇಕ್ಷಕರ ಕಡೆಯೇ ಇರಲಿ. ಇಲ್ಲವಾದರೆ ಎಡಕ್ಕೆ ನೋಡುತ್ತಿದ್ದ ನಾಯಕ ಮುಂದಿನ ಶಾಟಿನಲ್ಲಿ ಬಲಕ್ಕೆ ನೋಡುತ್ತಾನೆ. ಮೂರರಲ್ಲೂ ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಸೆಕೆಂಡು, ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಕೈಯಿಂದಲೇ. ನಮ್ಮ ಕರೆಂಟು 50 ಹರ್ಟ್ಸ್. ನೀವು ಹೇಳಿದ 1/60 ಇಟ್ಟರೆ ಟ್ಯೂಬ್‌ಲೈಟಿನ ಬೆಳಕು ಮಿಣುಕುತ್ತದೆ. ಶುರುವಿಗೆ ಮೂರೂ ಕ್ಯಾಮೆರಾಕ್ಕೆ ಕಾಣುವಂತೆ ಒಂದು ಚಪ್ಪಾಳೆ ಹೊಡೆಸಿ, ಎಡಿಟಿಂಗ್‌ನಲ್ಲಿ ಮೂರನ್ನೂ ಸಿಂಕ್ ಮಾಡುವುದು, ಅಂದರೆ ಒಂದೇ ಕ್ಷಣಕ್ಕೆ ಹೊಂದಿಸುವುದು, ಸಲೀಸು.

‘ಒಂದು 64 ಜಿಬಿ ಕಾರ್ಡು ಸಾಕು’? 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) ತಾಸಿಗೆ 45 ಜಿಬಿ. ಒಂದೂವರೆ ತಾಸಿನೊಳಗೆ ತುಂಬುತ್ತದೆ. ಮೂರು ತಾಸಿನ ನಾಟಕಕ್ಕೆ ಮೂರು ಕ್ಯಾಮೆರಾ ಸೇರಿ 405 ಜಿಬಿ. ನಡುವೆ ಕಾರ್ಡು ಬದಲಿಸುವಾಗ ಒಂದೊಂದು ಕ್ಯಾಮೆರಾದ್ದಾಗಿ ಬದಲಿಸಬೇಕು, ವೈಡ್ ಕೊನೆಗೆ.

‘ಟೇಪಿಗಿಂತ ಕಾರ್ಡು ಸುರಕ್ಷಿತ’ ಎಂಬ ಸಾಲು ಕಡಿದುಹಾಕಿ. ಹಳೇ ವಿಡಿಯೋ ಕ್ಯಾಮೆರಾದ ಮಿನಿ ಡಿವಿ ಟೇಪಿಗೆ ಗೀರು ಬಿದ್ದರೆ ಸಾಮಾನ್ಯವಾಗಿ ಒಂದಿಷ್ಟು ಫ್ರೇಮು ಹೋಗುತ್ತವೆ. ಕಾರ್ಡಿನಲ್ಲಾದರೆ, ರೆಕಾರ್ಡಿಂಗ್ ನಡುವೆ ಬ್ಯಾಟರಿ ಕಳಚಿದರೆ ಫೈಲು ಮುಚ್ಚಿಕೊಳ್ಳದೆ ಇಡೀ ದೃಶ್ಯವೇ ತೆರೆಯದೆ ಹೋಗಬಹುದು. ಎರಡು ಹಾರ್ಡ್ ಡಿಸ್ಕಿಗೆ ನಕಲಾಗಿ, ತೆರೆದು ನೋಡುವತನಕ ಕಾರ್ಡು ಫಾರ್ಮ್ಯಾಟ್ ಮಾಡುವುದು (ಅಳಿಸುವುದು) ಬೇಡ.

ಎಡಿಸನ್‌ನಿಂದ ಶುರುವಾಗುವ ಮೊದಲ ಪುಟ ತೆಗೆದು, ನಾಟಕದ ಪರದೆ ಏಳುವಲ್ಲಿಂದ ಬರೆದು ಕಳಿಸಿರಿ. 900 ಪದ ದಾಟದಿರಲಿ.